ಅಟ್ರಾಕ್ಟಾಳ ಹೆಸರಿದ್ದ ಕಾರುಗಳು

ನನ್ನ ಗಂಡನ ಅಕ್ಕ ಅಟ್ರಾಕ್ಟಾಳಿಗೆ ಸ್ವಂತದ್ದು ಅಂತ ಒಂದು ಕಾರು ಯಾವತ್ತೂ ಇರಲಿಲ್ಲ. ಆದರೆ ನಮ್ಮ ಕಿಲ್‌ಟರ್ಮನ್ ಊರಿನ ಹನ್ನೊಂದು ಕಾರುಗಳ ವಿಮೆಯಲ್ಲಿ ಅವಳ ಹೆಸರಿತ್ತು. ಸ್ಲೈಗೋ ಪೇಟೆಯಿಂದ ಬಂದವರು ಇದನ್ನು ಕೇಳಿ ಹುಬ್ಬೇರಿಸುತ್ತಿದ್ದರು. ನಮ್ಮೂರಿನವರು ಯಾರೂ ಏರಿಸುತ್ತಿರಲಿಲ್ಲ, ಯಾಕೆಂದರೆ ಆ ಹನ್ನೊಂದರಲ್ಲಿ ಒಂದು ಅವರ ಮಗನದೋ ಮಗಳದೋ ಆಗಿರುತ್ತಿತ್ತು.

ಇದು ಶುರುವಾದದ್ದು ನನ್ನ ಅಡುಗೆಮನೆಯಲ್ಲಿ, ನನ್ನ ಮಗ ಎಂಡಾನಿಂದ. ಬಡಗಿ ಕೆಲಸಕ್ಕೆ ಸೇರಿದ ವರ್ಷ ಅವನೊಂದು ಹಳೆಯ ಕಾರು ಕೊಂಡ. ವಿಮೆ ಕಂಪನಿಗೆ ಫೋನ್ ಮಾಡಿದರೆ, ಕಾರಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು ಹಣವನ್ನು ವಿಮೆಗೆ ಕೇಳಿದರು. ಹತ್ತೊಂಬತ್ತರ ಹುಡುಗ ಎಂದ ಕೂಡಲೇ ಅವರ ಕಣ್ಣಿಗೆ ನುಜ್ಜುಗುಜ್ಜಾದ ಕಾರೇ ಕಾಣುತ್ತದೋ ಏನೋ. ನನ್ನ ಮಗನ ನಿಟ್ಟುಸಿರು ಫೋನಿನ ಆಚೆಗಿದ್ದ ಹುಡುಗಿಗೂ ಕೇಳಿಸಿರಬೇಕು. ಅನುಭವಸ್ಥರು ಯಾರಾದರೂ ಅದೇ ಕಾರನ್ನು ಆಗಾಗ ಓಡಿಸುವುದಿದ್ದರೆ ಅವರ ಹೆಸರನ್ನು ಎರಡನೆಯ ಚಾಲಕರಾಗಿ ಸೇರಿಸಬಹುದು, ಬೆಲೆ ಇಳಿದರೂ ಇಳಿಯಬಹುದು ಎಂದಳು.

ಅವನು ಹೆಮ್ಮೆಯಿಂದ ಹೆತ್ತ ತಾಯಿಯ ಹೆಸರು, ನೂಲಾ ಎಂದು, ಕೊಟ್ಟ. ಬೆಲೆ ಏರಿತು.

ಬಿಂಗೋ ಆಟಕ್ಕೆ ತಡವಾಗುತ್ತದೆಂದು ಹಾರಿಸಿಕೊಂಡು ಹೋಗಿ ಪೊಲೀಸರ ಕ್ಯಾಮೆರಾಕ್ಕೆ ಸಿಕ್ಕಿ, ಲೈಸೆನ್ಸಿನ ಮೇಲೆ ದಂಡದ ಅಂಕ ಹೊತ್ತವಳು ನಾನು. ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಎಲ್ಲರಿಗೂ ಗೊತ್ತಾಯಿತು. "ಅಮ್ಮಾ, ನೀನು ಇಲ್ದಿದ್ರೇ ಕಡಿಮೆಯಂತೆ," ಎಂದ ನನ್ನ ಮಗರಾಯ. ಹತ್ತೊಂಬತ್ತು ವರ್ಷ ಅವನಿಗೆ ಬೇಯಿಸಿ ಹಾಕಿದ್ದಕ್ಕೆ ಸಿಕ್ಕ ಬಹುಮಾನ ಅದು.

ಒಲೆಯ ಮುಂದೆ ಆಲೂಗಡ್ಡೆ ಕಿವುಚುತ್ತಿದ್ದ ಅಟ್ರಾಕ್ಟಾ ತಿರುಗಿಯೂ ನೋಡದೆ ತನ್ನ ಹೆಸರು ಹೇಳಿ ನೋಡು ಎಂದಳು. ಎಂಡಾ ಹೇಳಿದ. ಫೋನಿನ ಹುಡುಗಿ ಲೈಸೆನ್ಸ್ ಸಿಕ್ಕಿ ಎಷ್ಟು ಕಾಲವಾಯಿತು, ಅಪಘಾತ ಎಷ್ಟು, ದಂಡ ಎಷ್ಟು ಎಂದೆಲ್ಲ ಕೇಳಿದಳು. ಕಾಲ ಬಹಳವಾಯಿತು, ಉಳಿದದ್ದೆಲ್ಲ ಇಲ್ಲ, ಇಲ್ಲ ಎನ್ನುತ್ತಾ ಹೋದಂತೆ ಬೆಲೆ ಸರ್ರನೆ ಕೆಳಗಿಳಿಯಿತು. ಎಂಡಾ ಎದ್ದು ಅತ್ತೆಯ ಕೆನ್ನೆಗೆ ಲೊಚ್ಚೆಂದು ಮುತ್ತಿಟ್ಟ. ಅವಳು ಆಲೂಗಡ್ಡೆಯ ಸೌಟನ್ನು ಅವನ ಮೂಗಿನ ಮುಂದೆ ಹಿಡಿದಳು.

"ಹೆಸರು ಹಾಕಿದ ಮೇಲೆ ಗಾಡಿ ಓಡಿಸ್ಬೇಕು. ಓಡಿಸ್ದೇ ಓಡಿಸ್ತೀನಿ ಅಂದ್ರೆ ಅದು ಸುಳ್ಳು. ಭಾನುವಾರ ಕೀ ತಂದು ಇಲ್ಲಿಡು."

ಅಟ್ರಾಕ್ಟಾ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದು ಆಗ ಹೆಚ್ಚು ದಿನವಾಗಿರಲಿಲ್ಲ. ಇಪ್ಪತ್ತರ ಪ್ರಾಯದಲ್ಲಿ ಅವಳು ಊರ ಪಾದ್ರಿಗಳಾದ ಫಾದರ್ ಕಾಸ್ಟಿಗನ್ ಅವರ ಮನೆ ನೋಡಿಕೊಳ್ಳಲು ಹೋದವಳು, ಅವರು ಕಣ್ಣು ಮುಚ್ಚುವವರೆಗೂ ಅಲ್ಲೇ ಇದ್ದಳು. ಫಾದರ್ ದೊಡ್ಡ ವಿದ್ವಾಂಸರು, ಲ್ಯಾಟಿನ್ ಅವರ ನಾಲಗೆಯ ತುದಿಯಲ್ಲಿತ್ತು. ಕಾರು ಮಾತ್ರ ಅವರ ಕೈಗೆ ಒಗ್ಗಲಿಲ್ಲ. ಒಂದು ಸಲ ಸೀದಾ ದನದ ಸಂತೆಯೊಳಗೆ ನುಗ್ಗಿಸಿ, ಎರಡು ಹೋರಿಗಳನ್ನೂ ಒಬ್ಬ ದಲ್ಲಾಳಿಯನ್ನೂ ಬೇಲಿ ಹಾರಿಸಿದ ಮೇಲೆ ಬಿಷಪ್ಪರು ಕೈಮುಗಿದು ಕೇಳಿಕೊಂಡರಂತೆ, ಇನ್ನು ಓಡಿಸಬೇಡಿ ಅಂತ. ಅಲ್ಲಿಂದ ಅಟ್ರಾಕ್ಟಾಳೇ ಸಾರಥಿ. ಸಾಯುತ್ತಿದ್ದವರ ಮನೆಗೆ, ಮದುವೆಗೆ, ಮಣ್ಣಿಗೆ, ಫುಟ್‌ಬಾಲ್ ಪಂದ್ಯಕ್ಕೆ, ಹಿಮ ಬೀಳಲಿ ಬಿಡಲಿ, ಅವಳು ಫಾದರ್ ಅವರನ್ನು ಕೂರಿಸಿಕೊಂಡು ಹೋಗಿ ಕೂರಿಸಿಕೊಂಡು ಬಂದಳು. ಒಂದು ಗೀರು ಬೀಳಲಿಲ್ಲ.

ಆದರೆ ಆ ಕಾರಿನ ವಿಮೆಯಲ್ಲಿ ಮೊದಲ ಹೆಸರು ಓಡಿಸದ ಫಾದರ್ ಅವರದು, ಎರಡನೆಯದು ಓಡಿಸುವ ಇವಳದು. ಅಪಘಾತವಿಲ್ಲದೆ ಕಳೆದ ಒಂದೊಂದು ವರ್ಷಕ್ಕೂ ಕಂಪನಿಯವರು ಕೊಡುವ ರಿಯಾಯಿತಿಯೆಲ್ಲ ಮೊದಲ ಹೆಸರಿನ ಲೆಕ್ಕಕ್ಕೇ ಹೋಯಿತು. ಫಾದರ್ ತೀರಿಕೊಂಡ ಮೇಲೆ ಅಟ್ರಾಕ್ಟಾ ತನಗೊಂದು ಪುಟ್ಟ ಕಾರು ಕೊಳ್ಳೋಣವೆಂದು ವಿಚಾರಿಸಿದರೆ, ನಿಮ್ಮ ಸ್ವಂತ ಹೆಸರಿನಲ್ಲಿ ಒಂದು ವರ್ಷದ ರಿಯಾಯಿತಿಯೂ ಇಲ್ಲವಲ್ಲ ಎಂದು ದುಬಾರಿ ಬೆಲೆ ಹೇಳಿದರು. ಇಷ್ಟು ವರ್ಷ ಇವಳು ಜೋಪಾನವಾಗಿ ಓಡಿಸಿದ ಪುಣ್ಯವೆಲ್ಲ ಫಾದರ್ ಜೊತೆ ಮಣ್ಣಿಗಿಳಿದಿತ್ತು. ಎರಡನೆಯ ಹೆಸರಾಗಲು ಮಾತ್ರ ಅವಳಷ್ಟು ಯೋಗ್ಯರು ಇನ್ನೊಬ್ಬರಿರಲಿಲ್ಲ. ನಾನಾಗಿದ್ದರೆ ಫೋನಿನಲ್ಲೇ ಅವರ ಚಳಿ ಬಿಡಿಸುತ್ತಿದ್ದೆ. ಅವಳು ಸರಿ ಎಂದು ಫೋನಿಟ್ಟು, ಎರಡು ಪೆಟ್ಟಿಗೆ ಮತ್ತು ಒಂದು ಹೂವಿನ ಕುಂಡ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವಳ ತಮ್ಮ, ಅಂದರೆ ನನ್ನ ಯಜಮಾನ, ಅದಕ್ಕೆ ಮೊದಲೇ ತೀರಿಹೋಗಿದ್ದ. ಹಾಗಾಗಿ ಮನೆಯಲ್ಲಿ ಜಾಗಕ್ಕೇನೂ ಕೊರತೆಯಿರಲಿಲ್ಲ, ಜಗಳಕ್ಕೂ ಜನ ಸಿಕ್ಕಂತಾಯಿತು.

ಆ ಮೊದಲ ಭಾನುವಾರವನ್ನು ಊರು ಈಗಲೂ ನೆನೆಸಿಕೊಂಡು ನಗುತ್ತದೆ. ಎಂಡಾ ತನ್ನ ಕಾರಿನ ಹೊಟ್ಟೆ ನೆಲ ಸವರುವ ಹಾಗೆ ತಗ್ಗಿಸಿ, ಹಿಂದೆ ಗುಡುಗುವ ಹೊಗೆ ಕೊಳವೆ ಹಾಕಿಸಿದ್ದ. ಇಗರ್ಜಿಗೆ ಪೂಜೆಗೆಂದು ಹೊರಟ ಜನ ಆ ಸದ್ದು ಕೇಳಿ, ಯಾವ ಪೋಕರಿ ಬಂದನಪ್ಪಾ ಎಂದು ರಸ್ತೆ ಬಿಟ್ಟು ನಿಂತರೆ, ಒಳಗೆ ಹ್ಯಾಟು ಹಾಕಿಕೊಂಡು, ಕತ್ತಿನವರೆಗೆ ಗುಂಡಿ ಹಾಕಿದ ಕೋಟಿನಲ್ಲಿ ನೆಟ್ಟಗೆ ಕೂತ ಅಟ್ರಾಕ್ಟಾ. ವೇಗ ಸೈಕಲ್ಲಿನದು, ಸದ್ದು ವಿಮಾನದ್ದು. ಪಕ್ಕದಲ್ಲಿ ನಾನು, ಮುಖ ಎಲ್ಲಿಡುವುದೆಂದು ತಿಳಿಯದೆ.

ಪೂಜೆ ಮುಗಿಯುವ ಹೊತ್ತಿಗೆ ಸುದ್ದಿ ಹಬ್ಬಿಬಿಟ್ಟಿತ್ತು. ಹುಡುಗರಿಗೆ ವಿಮೆ ಕಟ್ಟಿ ಸೋತಿದ್ದ ತಾಯಂದಿರೆಲ್ಲ ಅಟ್ರಾಕ್ಟಾಳ ಹಿಂದೆ ಬಿದ್ದರು. ಒಬ್ಬಳು ಒಣದ್ರಾಕ್ಷಿ ಕೇಕು ತಂದಳು, ಒಬ್ಬಳು ಮೊಟ್ಟೆ ತಂದಳು, ಇನ್ನೊಬ್ಬಳು ಏನೂ ತರದೆ ಕಣ್ಣೀರು ತಂದಳು. ಅಟ್ರಾಕ್ಟಾ ಯಾರಿಗೂ ಸುಮ್ಮನೆ ಹೆಸರು ಕೊಡಲಿಲ್ಲ. ಮೊದಲು ಅವರ ಮಗನ ಇಲ್ಲವೇ ಮಗಳ ಪಕ್ಕದಲ್ಲಿ ಕೂತು ಬೆಟ್ಟದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದಳು. ಇಳಿದು ಬಂದವಳು ತಲೆಯಾಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಟ್ಟ ಮೇಲೆ ಷರತ್ತು ಒಂದೇ: ಸರದಿಯಂತೆ ಭಾನುವಾರ ಕೀ ಅವಳ ಕೈಗೆ ಬರಬೇಕು. ಹೀಗೆ ವಾರಕ್ಕೊಂದು ಕಾರಿನಲ್ಲಿ ಅವಳು ಪೂಜೆಗೆ ಬರುತ್ತಿದ್ದಳು. ಇವತ್ತು ಯಾರ ಕಾರು ಎಂದು ಇಗರ್ಜಿಯ ಬಾಗಿಲಲ್ಲಿ ಹುಡುಗರು ಬಾಜಿ ಕಟ್ಟುತ್ತಿದ್ದದ್ದು ಹೊಸದಾಗಿ ಬಂದಿದ್ದ ಫಾದರ್ ಒಬಿನ್ನಾ ಅವರಿಗೂ ಗೊತ್ತಿತ್ತು. ನೈಜೀರಿಯಾದಿಂದ ಬಂದವರು, ನಗುಮುಖದವರು. ಅವರೂ ಒಂದೆರಡು ಸಲ ಕಟ್ಟಿದ್ದರೆಂದು ಕೇಳಿದ್ದೇನೆ.

ಕಾರು ವಾಪಸು ಬಂದಾಗ ಮಕ್ಕಳಿಗೆ ಒಂದೇ ತಕರಾರು. ಅಟ್ರಾಕ್ಟಾ ಎಲ್ಲ ರೇಡಿಯೋಗಳನ್ನೂ ನಮ್ಮ ಕಡೆಯ ಸ್ಟೇಷನ್ನಿಗೆ ತಿರುಗಿಸಿಡುತ್ತಿದ್ದಳು, ಸತ್ತವರ ಹೆಸರು ಓದುತ್ತಾರಲ್ಲ, ಅದಕ್ಕೆ. ಎಂಡಾ ಮೊದಲ ಸಲ ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಹೊರಟು ಕೀ ತಿರುಗಿಸಿದರೆ, ಯಾರ ಮಣ್ಣು ಎಷ್ಟು ಗಂಟೆಗೆ ಎಂಬುದು ಗಂಭೀರವಾಗಿ ಕೇಳಿಬಂತಂತೆ. ಆ ಹುಡುಗಿ ಮತ್ತೆ ಬರಲಿಲ್ಲ.

ಹನ್ನೊಂದು ಕಾರುಗಳಲ್ಲಿ ಅಟ್ರಾಕ್ಟಾಳಿಗೆ ಪ್ರೀತಿಯದು ಬ್ರೋನಾಳ ಪುಟ್ಟ ಕೆಂಪು ಕಾರು. ಬ್ರೋನಾ ಟಿವ್ನನ್ ಬೆಟ್ಟದ ಮೇಲಿನ ಒಂಟಿಮನೆಗಳಿಗೆ ಹೋಗಿ, ಹಾಸಿಗೆ ಹಿಡಿದ ಮುದುಕ ಮುದುಕಿಯರನ್ನು ಎಬ್ಬಿಸಿ, ಮೈ ತೊಳೆಸಿ, ಗಂಜಿ ಕುಡಿಸಿ, ಮಾತ್ರೆ ನುಂಗಿಸಿ ಬರುವ ಕೆಲಸದವಳು. ಆ ದಾರಿಗೆ ಬಸ್ಸಿಲ್ಲ. ಕಾರಿಲ್ಲ ಎಂದರೆ ಅವಳಿಗೆ ಕೆಲಸವಿಲ್ಲ, ವಿಮೆಯಿಲ್ಲ ಎಂದರೆ ಕಾರಿಲ್ಲ. ಬರುವ ಸಂಬಳದಲ್ಲಿ ವಿಮೆ ಕಟ್ಟಲು ಸಾಧ್ಯವಾಗಿದ್ದು ಅಟ್ರಾಕ್ಟಾಳ ಹೆಸರಿನಿಂದ ಮಾತ್ರ. ಅವಳಿಗೆ ಓಡಿಸಲು ಕಲಿಸಿದವಳೂ ಅಟ್ರಾಕ್ಟಾಳೇ. ನಾನು ಹಿಂದಿನ ಸೀಟಿನಲ್ಲಿ ಕೂತು ಆ ಪಾಠ ಕೇಳಿದ್ದೇನೆ. ಎದುರು ಬಂದವರಿಗೆ ಸ್ಟೀರಿಂಗ್ ಮೇಲಿಂದ ಬೆರಳೆತ್ತುವುದು ನಮ್ಮ ಕಡೆಯ ಮರ್ಯಾದೆಯಷ್ಟೆ. ಅದಕ್ಕೂ ಅವಳ ಪಾಠವಿತ್ತು.

"ಒಂದು ಬೆರಳು ಸಾಕು ಬ್ರೋನಾ. ಇಡೀ ಕೈ ಎತ್ತೋದು ಡಬ್ಲಿನ್‌ನವ್ರು. ಇಗರ್ಜಿ ಬಂದಾಗ ಬಲಗೈಲಿ ಶಿಲುಬೆ ಗುರುತು, ಎಡಗೈ ಸ್ಟೀರಿಂಗ್ ಬಿಡಬಾರ್ದು. ದೇವ್ರು ಕಾಯ್ತಾನೆ, ಆದ್ರೆ ಸ್ಟೀರಿಂಗ್ ಹಿಡ್ಕೊಳಲ್ಲ."

ಈ ಮಾತನ್ನು ಆಡಿದವಳೇ ಹೀಗೆ ಮಾಡಿಕೊಂಡಳಲ್ಲ ಎಂದು ನೆನೆದರೆ ನಗು ಬರುತ್ತದೆ, ಜೊತೆಗೆ ಸಂಕಟವೂ ಆಗುತ್ತದೆ.

ಮೊದಲು ಜಾರ್ಲತ್‌ನ ವಿಚಾರ ಹೇಳಬೇಕು. ಜಾರ್ಲತ್ ನಮ್ಮೂರ ಗಾರೆಯವನು, ಕಲ್ಲಿನ ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ ಎಂದು ಅವನದೇ ನಂಬಿಕೆ. ಇಗರ್ಜಿಯ ಸಮಾಧಿ ತೋಟಕ್ಕೆ ಹೊಸ ಗೋಡೆ ಕಟ್ಟಿದವನು ಅವನು. ಕಟ್ಟಿ ಮುಗಿಸಿದ ದಿನ ಊರವರೆಲ್ಲ ನಿಂತು ಭೇಷ್ ಎನ್ನುವಾಗ ಅಟ್ರಾಕ್ಟಾ ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿ, ವಾರೆ ಇದೆ ಎಂದುಬಿಟ್ಟಳು. ಅವಳಿಗೆ ಮನಸ್ಸಿಗೂ ಬಾಯಿಗೂ ನಡುವೆ ಬಾಗಿಲಿಲ್ಲ. ಜಾರ್ಲತ್ ಕೆಂಡವಾದ. ಅವತ್ತಿನಿಂದ ರಸ್ತೆಯಲ್ಲಿ ಎದುರಾದರೆ ಅವಳಿಗೆ ಅವನು ಬೆರಳೆತ್ತುವುದನ್ನು ನಿಲ್ಲಿಸಿದ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮಾತು ಬಿಟ್ಟವರೂ ಬೆರಳು ಬಿಡುವುದಿಲ್ಲ. ಎರಡು ಚಳಿಗಾಲ ಕಳೆದರೂ ಅವನು ಸ್ಟೀರಿಂಗನ್ನು ಹತ್ತೂ ಬೆರಳಲ್ಲಿ ಹಿಡಿದುಕೊಂಡೇ ಅವಳನ್ನು ದಾಟುತ್ತಿದ್ದ. ಇವಳೂ ಹಾಗೆಯೇ.

ನವೆಂಬರ್‌ನ ಒಂದು ಭಾನುವಾರ ಬ್ರೋನಾಳ ಕಾರಿನ ಸರದಿ. ನನಗೆ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದೆ. ಅಟ್ರಾಕ್ಟಾ ಒಬ್ಬಳೇ ಹೊರಟು ಸಮಾಧಿ ತೋಟದ ಪಕ್ಕಕ್ಕೆ ಬಂದಿದ್ದಾಳೆ, ತಮ್ಮನೂ ಫಾದರ್ ಕಾಸ್ಟಿಗನ್ನರೂ ಮಲಗಿರುವ ಜಾಗ. ಪಾಠದಂತೆಯೇ ಬಲಗೈ ಹಣೆಗೆ ಹೋಗಿದೆ, ಎಡಗೈ ಸ್ಟೀರಿಂಗಿನ ಮೇಲಿದೆ. ಎದುರಿನಿಂದ ಟ್ರ್ಯಾಕ್ಟರಿನಲ್ಲಿ ಜಾರ್ಲತ್. ಬೆಳಿಗ್ಗೆ ಬೇಗನೆ ಪಾಪನಿವೇದನೆ ಮಾಡಿ ಬಂದಿದ್ದನಂತೆ, ಫಾದರ್ ಒಬಿನ್ನಾ ಅವನಿಗೆ ಕೊಟ್ಟ ಪ್ರಾಯಶ್ಚಿತ್ತ ಏನೆಂದು ಅವನು ಇಂದಿಗೂ ಬಾಯಿಬಿಟ್ಟಿಲ್ಲ. ಟ್ರ್ಯಾಕ್ಟರ್ ಹತ್ತಿರ ಬಂತು. ಜಾರ್ಲತ್ ಬೆರಳೆತ್ತಿದ.

ಎರಡು ಚಳಿಗಾಲದ ಮುನಿಸು ಕರಗಿ ಎದ್ದ ಬೆರಳು ಅದು. ಅದಕ್ಕೆ ಉತ್ತರ ಕೊಡದೆ ಹೋಗುವುದುಂಟೆ? ಬಲಗೈ ಎದೆಯ ಮೇಲಿತ್ತು, ಶಿಲುಬೆ ಗುರುತನ್ನು ಅರ್ಧಕ್ಕೆ ಬಿಡುವಂತಿಲ್ಲ. ಎಡಗೈ ತಾನಾಗಿ ಎದ್ದಿತು. ಅದೂ ಒಂದು ಬೆರಳಲ್ಲ, ಇಡೀ ಕೈ. ಪುಟ್ಟ ಕೆಂಪು ಕಾರು ತನ್ನ ಪಾಡಿಗೆ ತಾನು ಎಡಕ್ಕೆ ಹೊರಳಿ, ಅವಸರವಿಲ್ಲದೆ ಹೋಗಿ, ಜಾರ್ಲತ್‌ನ ಗೋಡೆಗೆ ಮೂತಿ ತಾಗಿಸಿತು. ಗೋಡೆ ಸುಮಾರು ಒಂದು ಆಳಿನಗಲ ಕುಸಿಯಿತು.

ಅಟ್ರಾಕ್ಟಾಳಿಗೆ ಏನೂ ಆಗಿರಲಿಲ್ಲ. ಇಳಿದು, ಹ್ಯಾಟು ಸರಿಮಾಡಿಕೊಂಡು, ಒಡೆದ ದೀಪವನ್ನು ನೋಡಿದಳು. ಜಾರ್ಲತ್ ಟ್ರ್ಯಾಕ್ಟರಿನಿಂದ ಹಾರಿ ಓಡಿಬಂದ. "ವಾರೆ ಇದೆ ಅಂದೆ, ಸರಿ, ಅದಕ್ಕೆ ಹೀಗೆ ಬೀಳಿಸೋದಾ?" ಎಂದನಂತೆ. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಸಿಗುತ್ತಿತ್ತು. ಅವಳು "ಬ್ರೋನಾಳ ಕಾರು," ಎಂದಷ್ಟೇ ಹೇಳಿ ಉರುಳಿದ ಕಲ್ಲೊಂದರ ಮೇಲೆ ಕೂತುಬಿಟ್ಟಳು.

ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಪಂಚಾಯಿತಿ ಸೇರಿತು. ಜಾರ್ಲತ್, ಎಂಡಾ, ಫಾದರ್ ಒಬಿನ್ನಾ, ಕೆಲಸದ ಅಂಗಿಯಲ್ಲೇ ಓಡಿಬಂದಿದ್ದ ಬ್ರೋನಾ. ನಾನು ಚಹಾ ಕಾಯಿಸಿ ಕಾಯಿಸಿ ಕೊಟ್ಟೆ. ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಬ್ರೋನಾಳ ವಿಮೆ ಮುಗಿಯಲು ಒಂದೆರಡು ವಾರವಷ್ಟೇ ಉಳಿದಿತ್ತು. ಹೊಸದಾಗಿ ಕಟ್ಟುವಾಗ, ಇಬ್ಬರು ಚಾಲಕರಲ್ಲಿ ಯಾರಿಗಾದರೂ ಅಪಘಾತವಾಗಿದೆಯೇ ಎಂದು ಕೇಳಿಯೇ ಕೇಳುತ್ತಾರೆ. ಆಗಿದೆ ಎಂದರೆ ಅಟ್ರಾಕ್ಟಾಳ ಹೆಸರಿಗೆ ಬೆಲೆಯಿಲ್ಲ, ಬ್ರೋನಾಳಿಗೆ ಬೆಟ್ಟದ ದಾರಿಯಿಲ್ಲ.

ಜಾರ್ಲತ್‌ಗೆ ಉತ್ಸಾಹ ಉಕ್ಕಿ ಹರಿಯುತ್ತಿತ್ತು. ಗೋಡೆಯನ್ನು ನಾಳೆಯೇ ಕಟ್ಟಿಬಿಡುತ್ತೇನೆ, ಯಾರಾದರೂ ಕೇಳಿದರೆ ನನ್ನ ಟ್ರ್ಯಾಕ್ಟರ್ ತಾಗಿತು ಎನ್ನೋಣ, ಇಲ್ಲವೇ ಕುರಿ ಅಡ್ಡ ಬಂತು ಎನ್ನೋಣ ಎಂದ. ಗುಜರಿ ಅಂಗಡಿಯಿಂದ ದೀಪ ತಂದು ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಎಂಡಾ ದನಿಗೂಡಿಸಿದ. ಫಾದರ್ ಒಬಿನ್ನಾ ಕೈಯೆತ್ತಿದರು. ಗೋಡೆ ಇಗರ್ಜಿಯದು, ಇಗರ್ಜಿ ಯಾರಿಂದಲೂ ಒಂದು ಯೂರೋ ಕೇಳುವುದಿಲ್ಲ, ಅದರ ಬಗ್ಗೆ ನಿಶ್ಚಿಂತೆಯಿಂದಿರಿ ಎಂದರು. "ಕುರಿ ವಿಚಾರ ಮಾತ್ರ ನನ್ನೆದುರು ಬೇಡ. ಈಗ ಇಲ್ಲಿ ಕೇಳಿದ್ರೆ, ಮತ್ತೆ ಶನಿವಾರ ಪಾಪನಿವೇದನೆಲಿ ಅದನ್ನೇ ಕೇಳ್ಬೇಕಾಗತ್ತೆ."

ಅಟ್ರಾಕ್ಟಾ ಅಲ್ಲಿಯವರೆಗೆ ಕಪ್ಪಿನೊಳಗೇ ನೋಡುತ್ತಿದ್ದಳು.

"ಹನ್ನೊಂದು ಕಾರಲ್ಲಿ ನನ್ನ ಹೆಸರಿದೆ ಜಾರ್ಲತ್. ಒಂದು ಕಡೆ ಸುಳ್ಳು ಹೇಳಿದ್ರೆ ಹನ್ನೊಂದು ಕಡೆ ಹೇಳ್ಬೇಕು. ಆ ಮೇಲೆ ಆ ಹೆಸರು ಇಟ್ಕೊಂಡು ಈ ಮಕ್ಕಳು ಏನು ಮಾಡ್ತಾರೆ?"

ಮರುದಿನ ಬೆಳಿಗ್ಗೆಯಿಂದ ಫೋನು ಹಿಡಿದು ಕೂತಳು. ಒಂದೊಂದು ಕಂಪನಿಗೂ ಆಯಾ ಕಾರಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಿದಳು. ಕಾಯಿಸುವಾಗ ಹಾಕುವ ಆ ಪಿಟೀಲಿನ ಸಂಗೀತ ನನಗೆ ಕನಸಿನಲ್ಲೂ ಕೇಳುವಂತಾಯಿತು. ನಾನು ಗೋಡೆಗೆ ಗುದ್ದಿದ್ದೇನೆ ಎಂದು ಒಬ್ಬೊಬ್ಬರಿಗೂ ಅದೇ ಸ್ವರದಲ್ಲಿ ಹೇಳಿದಳು. ಒಬ್ಬ ಹುಡುಗ ಮಾತ್ರ ಹೇಗಾಯಿತು ಎಂದು ಬಿಡಿಸಿ ಕೇಳಿದ. ಬಿಡಿಸಿಯೇ ಹೇಳಿದಳು.

"ಅಂದ್ರೆ, ಎರಡೂ ಕೈ ಬಿಟ್ಟಿದ್ರಾ ಮೇಡಂ?"

"ಒಂದು ದೇವರಿಗೆ, ಒಂದು ಜಾರ್ಲತ್‌ಗೆ," ಎಂದಳು ಅಟ್ರಾಕ್ಟಾ.

ನಾನು ಒಲೆ ಒರೆಸುವ ಬಟ್ಟೆಯನ್ನೇ ಬಾಯಿಗೆ ತುರುಕಿಕೊಂಡೆ. ಆ ಹುಡುಗನೂ ನಗು ತಡೆದುಕೊಂಡನೆಂದು ಕಾಣುತ್ತದೆ, ಬರೆದುಕೊಳ್ಳುತ್ತೇನೆ ಎಂದು ಹೇಳುವಾಗ ಅವನ ದನಿ ಒಡೆದಿತ್ತು. ಎಲ್ಲರೂ ಹೇಳಿದ್ದು ಒಂದೇ: ಈಗೇನೂ ಇಲ್ಲ, ಮುಂದಿನ ಸಲ ಕಟ್ಟುವಾಗ ಬೆಲೆ ಏರಬಹುದು.

ಮಾತಾಡಿ ಮುಗಿದ ಮೇಲೆ ಅಟ್ರಾಕ್ಟಾ ಕಾರುಗಳ ಕೀಗಳನ್ನು ಮುಟ್ಟುವುದನ್ನೇ ಬಿಟ್ಟಳು. ಸರದಿಯವನು ಕೀ ತಂದರೆ, ನೀನೇ ಇಟ್ಟುಕೋ ಮಗು ಎಂದು ವಾಪಸು ಕಳಿಸಿದಳು. ಭಾನುವಾರ ತಲೆಗೆ ವಸ್ತ್ರ ಕಟ್ಟಿಕೊಂಡು, ತುಂತುರು ಮಳೆಯಲ್ಲಿ ಬೇಲಿ ಸಾಲಿನ ಪಕ್ಕ ನಡೆದೇ ಪೂಜೆಗೆ ಹೋದಳು. ಹತ್ತಿಸಿಕೊಳ್ಳಲು ನಿಂತ ಕಾರುಗಳಿಗೆಲ್ಲ ಮುಂದೆ ಹೋಗಿ ಎಂದು ಕೈಬೀಸಿದಳಂತೆ. ನನಗೆ ಸಿಟ್ಟು ಬಂತು. ಒಂದು ದೀಪ, ನಾಲ್ಕು ಕಲ್ಲು, ಇದಕ್ಕೆ ಇಷ್ಟು ವ್ರತವೇ ಎಂದು ಮನೆಗೆ ಬಂದ ಮೇಲೆ ರೇಗಿದೆ. ಅವಳು ಒದ್ದೆ ವಸ್ತ್ರವನ್ನು ಒಲೆಯ ಮೇಲಿನ ಕಂಬಿಗೆ ಹರವುತ್ತಾ ಹೇಳಿದಳು:

"ಫಾದರ್ ಮನೆ ಫಾದರ್‌ದು, ಕಾರು ಫಾದರ್‌ದು, ಈ ಕೋಣೆ ನಿಂದು. ನನ್ನದು ಅಂತ ಕೊಡೋಕೆ ಇದ್ದಿದ್ದು ಆ ಹೆಸರೊಂದೇ ನೂಲಾ. ಅದನ್ನೂ ಹಾಳು ಮಾಡ್ಕೊಂಡೆ."

ಊಟಕ್ಕೆ ಕೂರಿಸಿ ಅವಳಿಗೆ ಇನ್ನೊಂದು ಆಲೂಗಡ್ಡೆ ಬಡಿಸಿದೆ. ಇಷ್ಟು ವರ್ಷ ಅವಳನ್ನು ಹಿಂದಿನ ಕೋಣೆಯವಳು ಎಂದೇ ಎಲ್ಲರೂ ಕರೆಯುತ್ತಿದ್ದದ್ದು, ನಾನೂ ಸೇರಿದಂತೆ, ಆಗ ಕಿವಿಗೆ ಬಡಿಯಿತು.

ಇದರ ಮೇಲೆ ನನ್ನ ಮಗನ ಘನಕಾರ್ಯ. ಆ ವಾರವೇ ಅವನ ವಿಮೆ ಕಟ್ಟುವ ದಿನ ಬಂದಿತ್ತು. ಅತ್ತೆಯ ಹೆಸರು ಇಟ್ಟರೆ ಇಷ್ಟು, ತೆಗೆದರೆ ಇಷ್ಟು ಎಂದು ಫೋನಿನವರು ಹೇಳಿದರು, ಅವನು ತೆಗೆಸಿದ. ಅವನೀಗ ಇಪ್ಪತ್ತಾರರ ಗಂಡಸು, ಸ್ವಂತ ರಿಯಾಯಿತಿ ಬೆಳೆದಿದೆ, ತೆಗೆಸಿದ್ದರಲ್ಲಿ ತಪ್ಪೇನೂ ಇಲ್ಲವಂತೆ. ಲೆಕ್ಕದಲ್ಲಿ ತಪ್ಪಿಲ್ಲ, ಅದು ನನಗೂ ಗೊತ್ತು. ಆದರೂ ಅವನಿಗೆ ಆ ಭಾನುವಾರದ ಊಟದಲ್ಲಿ ಬರೀ ಎಲೆಕೋಸು ಹಾಕಿದೆ, ಮಾಂಸ ನಾಯಿಗೆ ಹೋಯಿತು. ಅಟ್ರಾಕ್ಟಾ ಅವನ ಪರವಾಗಿಯೇ ಮಾತಾಡಿದಳು. "ಬುದ್ಧಿ ಇರೋ ಹುಡ್ಗ, ಸರಿಯಾಗೇ ಮಾಡಿದಾನೆ," ಎಂದು ತನ್ನ ತಟ್ಟೆಯಿಂದ ಅವನಿಗೆ ಒಂದು ತುಂಡು ಹಾಕಿದಳು. ಅವನು ಅದನ್ನು ಮುಟ್ಟದೆ ಎದ್ದ, ಮುಟ್ಟಬಾರದಿತ್ತು ಕೂಡ.

ಎರಡು ದಿನ ಕಳೆದು ಸಂಜೆ ಬ್ರೋನಾ ಬಂದಳು. ಅವಳ ಬೂಟಿನಲ್ಲಿ ಬೆಟ್ಟದ ಕೆಸರು, ಮುಖದಲ್ಲಿ ಹೆದರಿಕೆ. ವಿಮೆಯ ಮಾತು ಇವತ್ತೇ ಮುಗಿಸಬೇಕು, ಒಬ್ಬಳೇ ಫೋನ್ ಮಾಡಲು ಧೈರ್ಯ ಸಾಲದು ಎಂದಳು. ಅಟ್ರಾಕ್ಟಾ ಕೇಕಿನ ಹಿಟ್ಟು ಕಲಸುತ್ತಿದ್ದವಳು ಎದ್ದು ಒಳಗೆ ಹೋಗಲು ನೋಡಿದಳು. ಬ್ರೋನಾ ಅವಳ ತೋಳು ಹಿಡಿದು ಕೂರಿಸಿದಳು. ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ದನಿ ಜೋರು ಮಾಡಿದಳು. ಎಂಡಾ ಬಾಗಿಲ ಬಳಿ ನಿಂತಿದ್ದ.

ಆಚೆಯ ಹೆಂಗಸು ಎಲ್ಲ ಕೇಳಿದಳು. ಎರಡನೆಯ ಚಾಲಕ ಗೋಡೆಗೆ ಗುದ್ದಿದ್ದು, ಯಾರೂ ಪರಿಹಾರ ಕೇಳದೇ ಇದ್ದದ್ದು, ಎಲ್ಲವೂ ಅವಳ ಮುಂದಿತ್ತು. ಕೀಲಿಮಣೆ ಒತ್ತುವ ಸದ್ದು ಬಹಳ ಹೊತ್ತು ಕೇಳಿಸಿತು. ಅಟ್ರಾಕ್ಟಾಳ ಬೆರಳುಗಳು ಹಿಟ್ಟಿನಲ್ಲಿ ಹುಗಿದು ಹಾಗೇ ನಿಂತಿದ್ದವು. ಕೊನೆಗೆ ಆ ಹೆಂಗಸು ಬೆಲೆ ಹೇಳಿದಳು. ಬ್ರೋನಾ ಇನ್ನೊಮ್ಮೆ ಹೇಳಿ ಎಂದಳು. ಹೋದ ವರ್ಷ ಕಟ್ಟಿದಷ್ಟೇ, ಕೆಲವು ಯೂರೋ ಆಚೀಚೆ. ಬ್ರೋನಾ ಒಂದು ವರ್ಷ ಒಂದು ಗೀರೂ ಇಲ್ಲದೆ ಬೆಟ್ಟ ಹತ್ತಿ ಇಳಿದಿದ್ದಳಲ್ಲ, ಅದು ಮೊದಲ ಹೆಸರಿನ ಲೆಕ್ಕಕ್ಕೆ, ಅಂದರೆ ಅವಳದೇ ಹೆಸರಿನ ಲೆಕ್ಕಕ್ಕೆ ಬಿದ್ದಿತ್ತು. ಅಟ್ರಾಕ್ಟಾಳಿಂದ ಏರಿದ್ದನ್ನು ಅದು ಇಳಿಸಿತ್ತು.

ಬ್ರೋನಾ ಮುಖ ಮುಚ್ಚಿಕೊಂಡು ಉಸಿರುಬಿಟ್ಟಳು. ನಾನು ಅಲ್ಲೇ ಶಿಲುಬೆ ಗುರುತು ಮಾಡಿಕೊಂಡೆ, ಸ್ಟೀರಿಂಗ್ ಇಲ್ಲದ ಜಾಗದಲ್ಲಿ. ಆಚೆಯ ಹೆಂಗಸಿನ ಮಾತು ಇನ್ನೂ ಮುಗಿದಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಆ ಎರಡನೆಯ ಹೆಸರನ್ನು ತೆಗೆದುಬಿಟ್ಟರೆ ಇನ್ನೂ ಸಾಕಷ್ಟು ಕಡಿಮೆಯಾಗುತ್ತದೆ, ತೆಗೆಯಲೇ ಎಂದು. ಅಟ್ರಾಕ್ಟಾ ಕೂಡಲೇ ತೆಗೆಸು ಎಂದು ಹಿಟ್ಟಿನ ಕೈಯಲ್ಲೇ ಸನ್ನೆ ಮಾಡಿದಳು.

"ಬೇಡ, ಇರ್ಲಿ," ಎಂದಳು ಬ್ರೋನಾ.

"ಅವರ ಹೆಸರಿಂದ ನಿಮಗೆ ಈಗ ಏನೂ ಲಾಭ ಇಲ್ಲಮ್ಮ. ಸುಮ್ನೆ ದುಡ್ಡು ದಂಡ."

"ಲಾಭಕ್ಕಲ್ಲ. ಅವ್ರು ನನ್ನ ಕಾರು ಓಡಿಸ್ತಾರೆ. ಓಡಿಸೋರ ಹೆಸ್ರು ಇರ್ಬೇಕಲ್ವಾ?"

ಆಚೆಯ ಹೆಂಗಸು ಅದೂ ಸರಿಯೇ ಎಂದಳು. ಎಂಡಾ ಬಾಗಿಲಿನಿಂದ ಸದ್ದಿಲ್ಲದೆ ಅಂಗಳಕ್ಕೆ ಇಳಿದದ್ದನ್ನು ನಾನು ನೋಡಿದೆ. ಅಲ್ಲಿ ಮಳೆಯಲ್ಲಿ ನಿಂತು ಅವನೂ ಫೋನು ಕಿವಿಗೆ ಹಿಡಿದಿದ್ದ.

ಅಟ್ರಾಕ್ಟಾ ಎದ್ದು ಒಲೆಯ ಕಡೆ ತಿರುಗಿ, ಕೇಕಿನ ತಟ್ಟೆಯನ್ನು ಒಳಗಿಟ್ಟು, ಒಲೆಯ ಬಾಗಿಲು ಮುಚ್ಚಿದಳು.

"ಹಾಗಾದ್ರೆ ಭಾನುವಾರ ಕೀ ತಂದು ಇಲ್ಲಿಡು," ಎಂದಳು.

ಆ ಭಾನುವಾರ ನಾನು ಮೊಣಕಾಲು ನೋವನ್ನು ಮನೆಯಲ್ಲೇ ಬಿಟ್ಟು ಅವಳ ಪಕ್ಕದಲ್ಲಿ ಕೂತೆ. ಜಾರ್ಲತ್ ಗೋಡೆ ಕಟ್ಟಿ ಮುಗಿಸಿದ್ದ, ಅದು ಮೊದಲಿಗಿಂತ ವಾರೆಯಾಗಿತ್ತು. ಅಟ್ರಾಕ್ಟಾ ಕಣ್ಣು ಕಿರಿದು ಮಾಡಿ ಅದನ್ನು ನೋಡಿದಳು, ಈ ಸಲ ಬಾಯಿ ಬಿಡಲಿಲ್ಲ. ಸಮಾಧಿ ತೋಟದ ಗೇಟಿನ ಮುಂದೆ ಕಾರನ್ನು ನಡುರಸ್ತೆಯಲ್ಲೇ ಪೂರ್ತಿ ನಿಲ್ಲಿಸಿ, ಬ್ರೇಕು ಎಳೆದು, ಸಾವಕಾಶವಾಗಿ ಶಿಲುಬೆ ಗುರುತು ಮಾಡಿಕೊಂಡಳು. ತಮ್ಮನಿಗೊಂದು, ಫಾದರ್ ಅವರಿಗೊಂದು. ಆಮೇಲೆ ಎದುರಿಗೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ಜಾರ್ಲತ್‌ಗೆ ಒಂದು ಬೆರಳೆತ್ತಿದಳು. ಅಷ್ಟರಲ್ಲಿ ನಮ್ಮ ಹಿಂದೆ ಪೂಜೆಗೆ ಹೊರಟ ಕಾರುಗಳು ಸಾಲುಗಟ್ಟಿ ನಿಂತಿದ್ದವು, ಎಂಡಾನ ಗುಡುಗುವ ಕಾರೂ ಅದರಲ್ಲಿತ್ತು. ಯಾರೂ ಹಾರನ್ ಹೊಡೆಯಲಿಲ್ಲ. ಆ ಸಾಲಿನ ಅರ್ಧ ಕಾರುಗಳಲ್ಲಿ ಅವಳ ಹೆಸರು ಇನ್ನೂ ಇತ್ತು.